ಸ್ವಂತ ಪುಸ್ತಕ ಮಾಡೋಕೆ ದುಡ್ಡು ಕೊಟ್ಟು ಫಾರ್ಮ್ಯಾಟಿಂಗ್ ಸಾಫ್ಟ್‌ವೇರ್ ತಗೋಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಸುಮಾರು 180 ಪುಟದ ಕಥಾಸಂಕಲನ ಸಿದ್ಧವಿದೆ, ನೀವೇ ಪ್ರಕಟಿಸುತ್ತೀರಿ, ಇಂಗ್ಲಿಷ್ ಲೇಖಕರೆಲ್ಲ ವೆಲ್ಲಂ, ಆಟಿಕಸ್ ಅಂತ ಪುಟ ಕಟ್ಟುವ ಸಾಫ್ಟ್‌ವೇರ್‌ಗಳನ್ನು ಹೊಗಳುತ್ತಾರೆ, ನಾನೂ ತಗೊಳ್ಳಲಾ ಅಂತ. ಬೇಡ. ಆ ದುಡ್ಡನ್ನು ಕರಡು ತಿದ್ದುವವರಿಗೆ ಕೊಡಿ.

ವೆಲ್ಲಂ ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ, ಅಚ್ಚಿಗೂ ಇಬುಕ್‌ಗೂ ಸೇರಿ 250 ಡಾಲರ್ ಹತ್ತಿರ. ಆಟಿಕಸ್ ಬ್ರೌಸರ್‌ನಲ್ಲೇ ನಡೆಯುತ್ತದೆ, 147 ಡಾಲರ್. ಎರಡೂ ಕೆಟ್ಟವಲ್ಲ. ಆದರೆ ಅವುಗಳ ಅಂದಚಂದವೆಲ್ಲ ಇಂಗ್ಲಿಷ್ ಅಕ್ಷರ ನೋಡಿ ಮಾಡಿದ್ದು. ಅಧ್ಯಾಯದ ಮೊದಲ ಸಾಲು ಸ್ಮಾಲ್ ಕ್ಯಾಪ್ಸ್‌ನಲ್ಲಿ, ಅಂದರೆ ಚಿಕ್ಕ ಅಳತೆಯ ಕ್ಯಾಪಿಟಲ್ ಅಕ್ಷರಗಳಲ್ಲಿ ಬರುತ್ತದೆ ಅಂತಾರೆ, ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ! ಇಟಾಲಿಕ್ ಅಂದರೆ ಕನ್ನಡ ಅಕ್ಷರವನ್ನು ಸುಮ್ನೆ ಪಕ್ಕಕ್ಕೆ ವಾಲಿಸುವುದು, ನೋಡೋಕೆ ಗಾಳಿಗೆ ಬಾಗಿದ ಬೇಲಿ ಥರ ಇರುತ್ತದೆ. ಮೊದಲ ಅಕ್ಷರ ದೊಡ್ಡದಾಗಿ ಬರುವ ಡ್ರಾಪ್ ಕ್ಯಾಪ್ ಇನ್ನೂ ತಮಾಷೆ. ನಿಮ್ಮ ಕಥೆ ‘ಕ್ಷಮಿಸಿ’ ಅಂತ ಶುರುವಾದರೆ ‘ಕ್ಷ’ ಪೂರ್ತಿ ದೊಡ್ಡದಾಗಬೇಕು ಅಲ್ವಾ? ಕೆಲವು ಸಾಫ್ಟ್‌ವೇರ್‌ಗಳು ‘ಕ’ ಒಂದನ್ನೇ ಎತ್ತಿಕೊಂಡು ಉಳಿದದ್ದನ್ನು ಪಕ್ಕಕ್ಕೆ ಎಸೆಯುತ್ತವೆ.

ನನ್ನ ಮೊದಲ ಪುಸ್ತಕದ ಕಥೆ ಹೇಳುತ್ತೇನೆ, ಯಾಕೆಂದರೆ ಪಾಠ ಕಲಿತಿದ್ದು ಅಲ್ಲೇ. ನಾನು ಎಲ್ಲವನ್ನೂ ಯೂನಿಕೋಡ್‌ನಲ್ಲಿ, ಅಂದರೆ ಫೋನು, ಕಂಪ್ಯೂಟರ್ ಎಲ್ಲ ಕಡೆ ಓದಲು ಬರುವ ಕನ್ನಡದಲ್ಲಿ ಟೈಪ್ ಮಾಡಿ, ಮೂರು ಸಲ ಓದಿ, ತಿದ್ದಿ, ವರ್ಡ್ ಫೈಲನ್ನು ಅಚ್ಚಿಗೆ ಪುಟ ಕಟ್ಟಿಕೊಡುವ ಒಬ್ಬ ಡಿಟಿಪಿಯವರಿಗೆ ಕೊಟ್ಟೆ. ಅವರು ಕೆಲಸ ಮಾಡುತ್ತಿದ್ದುದು ಪೇಜ್‌ಮೇಕರ್ ಅನ್ನುವ ಹಳೇ ಪುಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ. ಅದರ ಕೊನೆಯ ಆವೃತ್ತಿ 7.0 ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಹಾಗಾಗಿ ನನ್ನ ಫೈಲನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೇ ಆಸ್ಕಿ ಫಾಂಟಿಗೆ, ಅಂದರೆ ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯ ಫಾಂಟಿಗೆ ಪರಿವರ್ತಿಸಿದರು. ಅಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಬಿದ್ದುಹೋಯಿತು. ಅರ್ಧಾಕ್ಷರ ಮತ್ತು ಮುಂದಿನ ಅಕ್ಷರ ಕೂಡಿ ಒತ್ತಾಗದಂತೆ ತಡೆಯುವ ಚಿಹ್ನೆ ಅದು, ಶೂನ್ಯ ಅಗಲದ್ದು. ನಾನು ಬರೆದದ್ದು ‘ಬಸ್‌ಸ್ಟ್ಯಾಂಡ್’, ಅಚ್ಚಾಗಿದ್ದು ‘ಬಸ್ಸ್ಟ್ಯಾಂಡ್’. ಒಂದರ ಕೆಳಗೊಂದು ಒತ್ತು ನೇತಾಡುತ್ತಿತ್ತು. ನನ್ನ ಕಥೆಯ ನಾಯಕ ಕಂಡಕ್ಟರ್ ಬೇರೆ! ಪುಟಕ್ಕೊಂದು ಸಲ ಬಸ್‌ಸ್ಟ್ಯಾಂಡಿಗೆ ಹೋಗುತ್ತಾನೆ. ಅಲ್ಲಲ್ಲಿ ಇದ್ದ ಇಂಗ್ಲಿಷ್ ಪದಗಳದ್ದೂ ಅದೇ ಗತಿ. ಆಸ್ಕಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಣುಕುಗಳು ಕೂತಿರುತ್ತವೆ, ಹಾಗಾಗಿ ಫಾಂಟ್ ಬದಲಾದ ಕೂಡಲೇ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡವಾದವು. ತಪ್ಪು ಅವರೊಬ್ಬರದ್ದೇ ಅಲ್ಲ. ಕೊನೆಯ ಪಿಡಿಎಫ್ ಕಳಿಸಿದಾಗ ನಾನು ಮೊದಲ ಹತ್ತು ಪುಟ ನೋಡಿ ‘ಚೆನ್ನಾಗಿದೆ ಸಾರ್, ಕಳಿಸಿ’ ಅಂದಿದ್ದೆ. 300 ಪ್ರತಿ.

ಆಮೇಲೆ ಎರಡು ಪುಸ್ತಕ ನಾನೇ ಮಾಡಿದೆ, ವರ್ಡ್ ಥರದ್ದೇ ಉಚಿತ ಸಾಫ್ಟ್‌ವೇರ್ ಲಿಬ್ರೆಆಫೀಸ್ ರೈಟರ್‌ನಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ. ಕಥೆ, ಕಾದಂಬರಿ, ಲೇಖನ ಅಂದರೆ ಚಿತ್ರ ಕಡಿಮೆ ಇರುವ ಪುಸ್ತಕಕ್ಕೆ ಅದು ಧಾರಾಳ ಸಾಕು. ವರ್ಡ್ ಇದ್ದರೆ ವರ್ಡ್ ಕೂಡ ಆಗುತ್ತದೆ. ಎರಡರಲ್ಲೂ ಒಂದು ಸಣ್ಣ ಕಿರಿಕಿರಿ ಇದೆ. ಕನ್ನಡಕ್ಕೂ ಇಂಗ್ಲಿಷ್‌ಗೂ ಫಾಂಟ್, ಅಳತೆ ಬೇರೆ ಬೇರೆ ಕಡೆ ಹೇಳಬೇಕು. ಸ್ಟೈಲ್, ಅಂದರೆ ಫಾಂಟ್, ಅಳತೆ, ಅಂತರಗಳನ್ನು ಒಟ್ಟಿಗೆ ಹೆಸರಿಟ್ಟು ಉಳಿಸಿಕೊಳ್ಳುವ ವ್ಯವಸ್ಥೆ, ಅದನ್ನು ತಿದ್ದುವಾಗ ಕಾಂಪ್ಲೆಕ್ಸ್ ಅಂತ ಬರೆದಿರುವ ಕಡೆ ಬದಲಿಸಿದರೆ ಮಾತ್ರ ಕನ್ನಡ ಬದಲಾಗುತ್ತದೆ. ನಾನು ಇಂಗ್ಲಿಷ್ ಜಾಗದಲ್ಲಿ ಬದಲಿಸಿ, ಏನೂ ಆಗದೆ, ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ.

ಸ್ಟೈಲ್ ಅಂದೆನಲ್ಲ, ಅದನ್ನು ದಯವಿಟ್ಟು ಕಲಿಯಿರಿ, ಒಂದು ದಿನದ ಕೆಲಸ. ಕಥೆಯ ಹೆಸರಿಗೆ ಒಂದು, ಮೈಬರಹಕ್ಕೆ ಒಂದು, ಪ್ಯಾರಾ ಶುರುವಿನ ಜಾಗ ಅದರೊಳಗೇ. ಸ್ಪೇಸ್ ಒತ್ತಿ ಒತ್ತಿ ಜಾಗ ಬಿಡುವುದು, ಎಂಟರ್ ಒತ್ತಿ ಮುಂದಿನ ಪುಟಕ್ಕೆ ಹೋಗುವುದು ಇವೆಲ್ಲ ಬಿಟ್ಟುಬಿಡಿ. ಸ್ಟೈಲ್ ಇದ್ದರೆ ಪರಿವಿಡಿ ತಾನಾಗಿ ಬರುತ್ತದೆ, ಅಕ್ಷರ ಅರ್ಧ ಪಾಯಿಂಟ್ ಚಿಕ್ಕದು ಮಾಡಿದರೆ ಇಡೀ ಪುಸ್ತಕ ಒಂದೇ ಏಟಿಗೆ ಬದಲಾಗುತ್ತದೆ. ಇದು ಯಾಕೆ ಬೇಕು ಅಂದರೆ ಫಾರಂ ಲೆಕ್ಕಕ್ಕೆ. ಅಚ್ಚುಕೂಟದಲ್ಲಿ 16 ಪುಟಕ್ಕೆ ಒಂದು ಫಾರಂ. ನಿಮ್ಮ 180 ಪುಟ 11 ಫಾರಂ ದಾಟಿ ನಾಲ್ಕು ಪುಟ ಉಳಿಯುತ್ತದೆ. ಸ್ವಲ್ಪ ಬಿಗಿ ಮಾಡಿ 176ಕ್ಕೆ ತಂದರೆ ಸರಿಯಾಗಿ 11.

ಸಾಲಿನ ಅಂತರವನ್ನು ಆಟೋಗೆ ಬಿಡಬೇಡಿ. ನಮಗೆ ‘ರಾಷ್ಟ್ರ’, ‘ಸ್ತ್ರೀ’ ಥರದ ಪದಗಳಲ್ಲಿ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ ಎಂಟೂವರೆ ಇಂಚು ಎತ್ತರದ ಪುಸ್ತಕಕ್ಕೆ ನಾನು 12 ಪಾಯಿಂಟ್ ಅಕ್ಷರ, 17 ಪಾಯಿಂಟ್ ಸಾಲು ಇಡುತ್ತೇನೆ. ಫಾಂಟ್ ನೋಟೋ ಸೆರಿಫ್ ಕನ್ನಡ. ಉಚಿತ, ಅಚ್ಚಿಗೂ ಅಡ್ಡಿಯಿಲ್ಲ. ಕೆಲವರಿಗೆ ಅದು ಸ್ವಲ್ಪ ದಪ್ಪ ಅನ್ನಿಸಬಹುದು, ನಿಮ್ಮ ಕಣ್ಣಿಗೆ ಬಿಟ್ಟಿದ್ದು. ಎರಡೂ ಬದಿ ಸಮ ಮಾಡಿದಾಗ ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತವೆ, ನಮ್ಮ ಪದಗಳು ಉದ್ದ, ‘ಹೇಳಿಕೊಳ್ಳಬೇಕಾಗಿತ್ತಂತೆ’ ಒಂದೇ ಸಾಲಿನ ಅರ್ಧ ತಿನ್ನುತ್ತದೆ. ಹೈಫನೇಷನ್, ಅಂದರೆ ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವ ಸೌಲಭ್ಯ ಹಾಕಿ ನೋಡಿ, ಇಲ್ಲವಾದರೆ ಆ ಸಾಲನ್ನೇ ಸ್ವಲ್ಪ ತಿದ್ದಿ ಬರೆಯಿರಿ. ಲೇಖಕರೇ ಪುಟ ಕಟ್ಟುವುದರ ದೊಡ್ಡ ಲಾಭ ಇದೇ, ಯಾರ ಅನುಮತಿಯೂ ಬೇಕಿಲ್ಲ.

ಚಿತ್ರ ಜಾಸ್ತಿ ಇದ್ದರೆ, ಮಕ್ಕಳ ಪುಸ್ತಕ, ಅಡುಗೆ ಪುಸ್ತಕ ಥರದ್ದಾದರೆ, ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್ ಒಂದು ತಿಂಗಳ ಮಟ್ಟಿಗೆ ಬಾಡಿಗೆಗೆ ತಗೊಳ್ಳಿ. ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ, ಇಲ್ಲದಿದ್ದರೆ ‘ಅಮ್ಮ’ ಅನ್ನುವುದು ‘ಅಮ್‌ಮ’ ಆಗಿ ಕೂರುತ್ತದೆ. ನಿಮ್ಮ ಕಥೆಗಳಿಗೆ ಇದು ಬೇಕಿಲ್ಲ.

ಇಬುಕ್ ಬಗ್ಗೆಯೂ ಕೇಳಿದ್ದೀರಿ. ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಸೇರಿಸಿತು, ಕನ್ನಡವನ್ನು ಬಿಟ್ಟಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಕಿಂಡಲ್‌ಗೆ ಅಂತ ಕೂರುವ ಮೊದಲು ಅವರ ಭಾಷೆಗಳ ಪಟ್ಟಿ ತೆರೆದು ನೋಡಿ. ನಾನು ಲಿಬ್ರೆಆಫೀಸ್‌ನಿಂದಲೇ ಇಪಬ್ ಅನ್ನುವ ಇಬುಕ್ ಫೈಲ್ ತೆಗೆದು ಗೂಗಲ್ ಪ್ಲೇ ಬುಕ್ಸ್‌ಗೆ ಹಾಕಿದೆ. ಮೊದಲು ಅಗ್ಗದ ಫೋನೊಂದರಲ್ಲಿ ತೆರೆದು ಒತ್ತಕ್ಷರ ನೋಡಿಕೊಂಡೆ.

ಅಚ್ಚಿಗೆ ಕಳಿಸುವ ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿದೆಯಾ ನೋಡಿ. ಅಚ್ಚುಕೂಟದವರು ‘ವರ್ಡ್ ಫೈಲ್ ಕೊಡಿ, ನಾವೇ ನುಡಿಗೆ ಹಾಕಿಕೊಳ್ಳುತ್ತೇವೆ’ ಅಂದರೆ ಕೊಡಬೇಡಿ, ಎಷ್ಟೇ ಒಳ್ಳೆಯವರಾದರೂ ಸರಿ. ಆಮೇಲೆ ಅದೇ ಪಿಡಿಎಫನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕಥೆ ಗೊತ್ತಿಲ್ಲದ ಯಾರಿಗಾದರೂ ಮೊದಲ ಪುಟದಿಂದ ಕೊನೆಯವರೆಗೆ ಓದಲು ಕೊಡಿ. ನನ್ನ ಮನೆಯಲ್ಲಿ ಈ ಕೆಲಸ ಅಕ್ಕನದು. ಎರಡನೇ ಪುಸ್ತಕದಲ್ಲಿ ಹನ್ನೊಂದು ತಪ್ಪು ಹಿಡಿದಳು, ಅದರಲ್ಲಿ ಒಂದು ಮುಖಪುಟದ ಒಳಗೆ ನನ್ನದೇ ಹೆಸರಿನಲ್ಲಿತ್ತು.