ದುಡ್ಡಿಲ್ಲದೆ ಮಾಡುವ ಕೆಲಸದಿಂದ ಕೆಲಸ ಸಿಗುತ್ತಾ?

ಮಂಡ್ಯದಲ್ಲಿ ಬಿಇ ಮುಗಿಸಿ ಬ್ಯಾಕೆಂಡ್ ಕೆಲಸ ಹುಡುಕುತ್ತಿದ್ದೀರಿ, ಕುಬರ್ನೆಟಿಸ್‌ನಂಥ (ಬಹಳಷ್ಟು ಸರ್ವರ್‌ಗಳಲ್ಲಿ ಪ್ರೋಗ್ರಾಮುಗಳನ್ನು ಓಡಿಸಿ ನೋಡಿಕೊಳ್ಳುವ ಸಾಫ್ಟ್‌ವೇರ್) ಓಪನ್ ಸೋರ್ಸ್ ಪ್ರಾಜೆಕ್ಟಿಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಪ್ರಾಜೆಕ್ಟಿಗೆ, ಕೋಡ್ ಬರೆದುಕೊಟ್ಟರೆ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ನನಗೆ ಆಯಿತು, ಆದರೆ ನಾನು ಅಂದುಕೊಂಡ ಹಾಗಲ್ಲ.

ನಾನೂ ಮಂಡ್ಯ ಕಡೆಯವನೇ, ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಮೊದಲ ಮೂರು ವರ್ಷ ಬರೀ ಜಾವಾ, ಬರೀ ರಿಪೋರ್ಟು, ದಿನಾ ಬೆಂಗಳೂರಿಗೆ ರೈಲು. ಅದು ಬಿಡಿ.

ಎರಡನೇ ಕಂಪನಿಯಲ್ಲಿ ಒಂದು ಸರ್ವಿಸ್ ರಾತ್ರಿ ಹೊತ್ತು ಸುಮ್ನೆ ಸತ್ತು ಸತ್ತು ಏಳುತ್ತಿತ್ತು. ಲಾಗ್‌ನಲ್ಲಿ ಏನೂ ಇಲ್ಲ, ಎಕ್ಸಿಟ್ ಕೋಡ್ (ಪ್ರೋಗ್ರಾಮು ನಿಂತಾಗ ಬಿಟ್ಟುಹೋಗುವ ನಂಬರು) 137 ಅಂತ ಮಾತ್ರ. 128ಕ್ಕೆ 9 ಕೂಡಿಸಿದರೆ 137. ಆ 9 ಅಂದರೆ ಸಿಗ್‌ಕಿಲ್, ಪ್ರೋಗ್ರಾಮನ್ನು ತಕ್ಷಣ ಕೊಲ್ಲುವ ಸಂಕೇತ, ಅಂದರೆ ಅದು ತಾನಾಗಿ ಸತ್ತಿಲ್ಲ, ಯಾರೋ ಕೊಂದಿದ್ದಾರೆ. ಕೊಂದಿದ್ದು ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ನಾವು ಆ ಸರ್ವಿಸ್ ಓಡುವ ಕಂಟೇನರಿಗೆ (ಪ್ರೋಗ್ರಾಮು ಓಡುವ ಪ್ರತ್ಯೇಕ ಡಬ್ಬಿ) 512 ಎಂಬಿ ಮೆಮೊರಿ ಮಿತಿ ಹಾಕಿದ್ದೆವು, ಅದು ಅಷ್ಟನ್ನೂ ಕುಡಿದು ಇನ್ನೂ ಬೇಕು ಅನ್ನುತ್ತಿತ್ತು. ಕುಬರ್ನೆಟಿಸ್‌ನ ಡಿಸ್ಕ್ರೈಬ್ ಕಮಾಂಡ್ ಕೊಟ್ಟು ನೋಡಿದ್ದರೆ 'ಓಓಎಂಕಿಲ್ಡ್' (ಮೆಮೊರಿ ಮುಗಿದು ಕೊಲ್ಲಲಾಗಿದೆ) ಅಂತ ಅಲ್ಲೇ ಕಾಣುತ್ತಿತ್ತು, ನನಗೆ ಗೊತ್ತಿರಲಿಲ್ಲ, ಕುಬರ್ನೆಟಿಸ್ ಬರೆದಿರುವ ಗೋ ಭಾಷೆಯೂ ಬಾರದೆ ಎರಡು ರಾತ್ರಿ ಕುಬರ್ನೆಟಿಸ್ ಕೋಡನ್ನೇ ಓದುತ್ತಾ ಕೂತೆ. ಹಾಗೆ ಓದುವಾಗ ಕೋಡಿನ ನಡುವೆ ಬರೆದಿದ್ದ ಒಂದು ಕಾಮೆಂಟ್ (ವಿವರಣೆಯ ಸಾಲು) ತಪ್ಪಿರೋದು ಕಣ್ಣಿಗೆ ಬಿತ್ತು. ಅದನ್ನು ತಿದ್ದಿದ್ದೇ ನನ್ನ ಮೊದಲ ಪಿಆರ್ (ಪುಲ್ ರಿಕ್ವೆಸ್ಟ್, ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ), ನಾಲ್ಕು ಸಾಲು.

ನಾಲ್ಕು ಸಾಲಿಗೂ ದೊಡ್ಡ ಶಾಸ್ತ್ರ ಇದೆ. ಸಿಎಲ್‌ಎಗೆ, ಅಂದರೆ ನಮ್ಮ ಕೋಡನ್ನು ಬಳಸಲು ಅನುಮತಿ ಕೊಡುವ ಒಪ್ಪಂದಕ್ಕೆ, ಸಹಿ ಹಾಕಬೇಕು. ಹೊಸಬರಾದರೆ ಒಳಗಿನವರು ಯಾರಾದರೂ 'ಓಕೆ ಟು ಟೆಸ್ಟ್' ಅನ್ನುವ ತನಕ ಟೆಸ್ಟೇ ಓಡುವುದಿಲ್ಲ. ಆಮೇಲೆ ಕೋಡ್ ನೋಡಿದ ಒಬ್ಬರದು 'ಎಲ್‌ಜಿಟಿಎಂ' (ನನಗೆ ಸರಿ ಕಾಣುತ್ತಿದೆ), ಆ ಭಾಗದ ಹೊಣೆ ಹೊತ್ತ ಓನರ್‌ದು 'ಅಪ್ರೂವ್'. 90 ದಿನ ಏನೂ ಅಲುಗಾಡದಿದ್ದರೆ ಬಾಟ್ (ತಾನಾಗಿ ಓಡುವ ಪ್ರೋಗ್ರಾಮು) ಬಂದು 'ಸ್ಟೇಲ್' (ಹಳಸಿದೆ) ಚೀಟಿ ಅಂಟಿಸುತ್ತದೆ, ಮತ್ತೆ 30 ದಿನಕ್ಕೆ 'ರಾಟನ್' (ಕೊಳೆತಿದೆ), ಇನ್ನೂ 30 ದಿನಕ್ಕೆ ಕ್ಲೋಸ್. ನನ್ನ ಎರಡನೇ ಪಿಆರ್ ಹೀಗೇ ಕೊಳೆಯಿತು. ಒಂದರಲ್ಲೇ ಬಗ್ ಸರಿಮಾಡಿ, ಹೆಸರು ಬದಲಿಸಿ, ಪಕ್ಕದ ಫೈಲನ್ನೂ ಚೊಕ್ಕ ಮಾಡಿ ಕಳಿಸಿದ್ದೆ. ಮೂರಾಗಿ ಒಡೆಯಿರಿ ಅಂತ ರಿವ್ಯೂ ಬಂತು. ನಾನು ಮುನಿಸಿಕೊಂಡು ಉತ್ತರವನ್ನೇ ಕೊಡಲಿಲ್ಲ.

ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಅವರು ತೆರೆದಿದ್ದು ಸೇರಿದ ಪಿಆರ್‌ಗಳನ್ನಲ್ಲ, ಈ ಕೊಳೆತದ್ದನ್ನು! ಯಾಕೆ ಬಿಟ್ಟಿರಿ, ಈಗಾದರೆ ಹೇಗೆ ಒಡೆಯುತ್ತೀರಿ ಅಂತ ಮುಕ್ಕಾಲು ಗಂಟೆ ಅದೇ ಮಾತು. ಮುನಿಸಿನ ಕಥೆ ಇದ್ದಹಾಗೇ ಹೇಳಿದೆ.

ಆಗೆಲ್ಲ ನಮ್ಮಪ್ಪ, "ದುಡ್ಡೂ ಇಲ್ದೆ ಯಾರದ್ದೋ ಗದ್ದೇಲಿ ಗೇಯ್ತಿದ್ದೀಯಲ್ಲ, ಇದೇನ್ಲಾ ಮುಯ್ಯಾಳಾ?" ಅನ್ನುತ್ತಿದ್ದರು. ಹೌದು, ಮುಯ್ಯಾಳೇ. ಗದ್ದೆ ಯಾರದ್ದು ಅಂತ ಮಾತ್ರ ನೋಡಿಕೊಳ್ಳಿ. ಸರ್ವರ್‌ಗಳನ್ನು ಸಿದ್ಧಪಡಿಸುವ ಟೆರಾಫಾರ್ಮ್ ಅನ್ನೋ ಟೂಲಿನ ಕಂಪನಿ 2023ರ ಆಗಸ್ಟ್‌ನಲ್ಲಿ ಅದರ ಓಪನ್ ಸೋರ್ಸ್ ಲೈಸೆನ್ಸ್ ಬದಲಿಸಿತು, ಒಪ್ಪದವರು ಓಪನ್‌ಟೋಫು ಅಂತ ಬೇರೆ ಒಲೆ ಹೂಡಿದರು. ಕುಬರ್ನೆಟಿಸ್ 2016ರಿಂದ ಸಿಎನ್‌ಸಿಎಫ್ ಅನ್ನೋ, ಹಲವು ಕಂಪನಿಗಳು ಸದಸ್ಯರಾಗಿರುವ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ, ಒಂದು ಕಂಪನಿಯ ಮನಸ್ಸು ಬದಲಾದರೆ ಆಗುವ ಆ ಭಯ ಅಲ್ಲಿ ಕಡಿಮೆ.

ನೀವು ದಿನಾ ಬಳಸುವ ಟೂಲ್‌ನಿಂದಲೇ ಶುರು ಮಾಡಿ, ಸ್ಪೆಲಿಂಗ್ ತಿದ್ದುವ ಪಿಆರ್ ಜಾಸ್ತಿ ಹಾಕಬೇಡಿ, ಅರ್ಜಿ ಹಾಕೋದನ್ನೂ ನಿಲ್ಲಿಸಬೇಡಿ.

ಅಂದಹಾಗೆ, ಕೆಲಸಕ್ಕೆ ಸೇರಿದ ಮೇಲೆ ಆ ಕೊಳೆತ ಪಿಆರ್‌ನ ಮೊದಲ ತುಂಡನ್ನು ಮತ್ತೆ ಕಳಿಸಿದೆ, ಸೇರಿತು. ಉಳಿದೆರಡನ್ನು ಅಷ್ಟರಲ್ಲಿ ಬೇರೆ ಯಾರೋ ಮಾಡಿ ಮುಗಿಸಿದ್ದರು.