ಶಾಸನಸಭೆ ಹುಟ್ಟಿದ್ದು ಆದರ್ಶದಿಂದಲೋ, ಆಳುಗಳ ಅಭಾವದಿಂದಲೋ?

ಪ್ರಶ್ನೆ: ಈಸ್ಟ್ ಇಂಡಿಯಾ ಕಂಪನಿ ನಮ್ಮಲ್ಲಿಗೆ ಬಂದ ಕಾಲದಲ್ಲೇ ಇಂಗ್ಲಿಷರು ಅಮೆರಿಕಕ್ಕೂ ಹೋದರು. ಅಲ್ಲಿಗೆ ಹೋದದ್ದೂ ಒಂದು ಕಂಪನಿಯೇ. ಆದರೆ ಅಲ್ಲಿ ಹನ್ನೆರಡೇ ವರ್ಷಗಳಲ್ಲಿ ಚುನಾಯಿತ ಸಭೆ ಬಂತು, ಇಲ್ಲಿ ಬರಲಿಲ್ಲ. ಏಕೆ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಕೆಲವು ವರ್ಷ ಎರಡೂ ಕಂಪನಿಗಳ ಚುಕ್ಕಾಣಿ ಹಿಡಿದಿದ್ದವನು ಒಬ್ಬನೇ: ಲಂಡನ್ನಿನ ವರ್ತಕ ಸರ್ ಥಾಮಸ್ ಸ್ಮೈತ್. 1600ರ ಡಿಸೆಂಬರ್ 31ರ ಸನ್ನದಿನಲ್ಲಿ ಎಲಿಜಬೆತ್ ರಾಣಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಎಂದು ಹೆಸರಿಸಿದ್ದು ಇವನನ್ನೇ. 1609ರ ಸನ್ನದಿನಲ್ಲಿ, ಅಮೆರಿಕಕ್ಕೆ ಹೋದ ವರ್ಜೀನಿಯಾ ಕಂಪನಿಯ ಖಜಾಂಚಿ, ಅಂದರೆ ಮುಖ್ಯಸ್ಥ, ಆದವನೂ ಇವನೇ. ಆದ್ದರಿಂದ ಅಮೆರಿಕಕ್ಕೆ ಹೋದವರು ಸ್ವಾತಂತ್ರ್ಯಪ್ರಿಯರು, ಭಾರತಕ್ಕೆ ಬಂದವರು ದುಡ್ಡಿನ ಆಸೆಯವರು ಎಂಬ ವಿಂಗಡಣೆ ನಿಲ್ಲುವುದಿಲ್ಲ. ದುಡ್ಡಿನ ಆಸೆ ಎರಡೂ ಕಡೆ ಇತ್ತು. ದುಡ್ಡು ಹುಟ್ಟುವ ದಾರಿ ಮಾತ್ರ ಬೇರೆಯಾಗಿತ್ತು.

ಭಾರತದಲ್ಲಿ ಬಟ್ಟೆ, ಮೆಣಸು, ನೀಲಿ ಎಲ್ಲವನ್ನೂ ಇಲ್ಲಿಯವರೇ ಬೆಳೆದು, ನೇಯ್ದು, ಪೇಟೆಗೆ ತರುತ್ತಿದ್ದರು. ಕೊಂಡು ಹಡಗಿಗೆ ತುಂಬಿಸಲು ಕಂಪನಿಗೆ ಸಂಬಳದ ಕೆಲವೇ ನೌಕರರು ಸಾಕಾಗಿತ್ತು. ಸಂಬಳದವನು ಮತ ಕೇಳುವುದಿಲ್ಲ, ಬಡ್ತಿ ಕೇಳುತ್ತಾನೆ. ವರ್ಜೀನಿಯಾದಲ್ಲಿ ಹಾಗಿರಲಿಲ್ಲ. ಕಂಪನಿ ಬಯಸಿದ್ದ ಚಿನ್ನ ಅಲ್ಲಿ ಸಿಗಲಿಲ್ಲ. ಕೈಹಿಡಿದದ್ದು ಹೊಗೆಸೊಪ್ಪು, ಅಲ್ಲಿ ನೆಲೆಸಿದ್ದ ಜಾನ್ ರಾಲ್ಫ್ 1612ರ ಸುಮಾರಿಗೆ ಅದರ ಒಳ್ಳೆಯ ತಳಿಯನ್ನು ಬೆಳೆಯತೊಡಗಿದ. ಬೆಳೆಯುವುದಕ್ಕೆ ಕೈಗಳು ಬೇಕು. ಆ ಕೈಗಳು ಇಂಗ್ಲೆಂಡಿನಿಂದ ಬರಬೇಕು. ಬರುವವರಾದರೂ ಯಾರು?

ಏಕೆಂದರೆ ಅಷ್ಟು ಹೊತ್ತಿಗೆ, ವರ್ಜೀನಿಯಾದಲ್ಲಿ ಕಂಪನಿ ಹೂಡಿದ್ದ ನೆಲೆಯಾದ ಜೇಮ್ಸ್‌ಟೌನಿನ ಹೆಸರು ಚೆನ್ನಾಗಿಯೇ ಕೆಟ್ಟಿತ್ತು. 1607ರಲ್ಲಿ ಮೂರು ಹಡಗುಗಳಲ್ಲಿ ಹೋಗಿ ಅಲ್ಲಿ ಇಳಿದವರು ಸುಮಾರು 104 ಗಂಡಸರು ಮತ್ತು ಹುಡುಗರು. ಆಡಳಿತ ಮಂಡಳಿಯಲ್ಲಿ ಯಾರಿರಬೇಕು ಎಂಬ ಪಟ್ಟಿಯನ್ನು ಲಂಡನ್ ಒಂದು ಪೆಟ್ಟಿಗೆಯಲ್ಲಿಟ್ಟು ಮುದ್ರೆ ಒತ್ತಿ ಕಳಿಸಿತ್ತು. ಅಮೆರಿಕ ತಲುಪಿದ ಮೇಲೆಯೇ ಅದನ್ನು ತೆರೆಯಬೇಕು. ತೆರೆದರೆ, ದಂಗೆಯ ಆರೋಪದ ಮೇಲೆ ಹಡಗಿನಲ್ಲಿ ಬಂಧಿಯಾಗಿದ್ದ ಜಾನ್ ಸ್ಮಿತ್‌ನ ಹೆಸರೂ ಅದರಲ್ಲಿತ್ತು! ದೂರದ ಕಚೇರಿಯಲ್ಲಿ ಕುಳಿತು ಆಳುವುದರ ಗುಣವೆಲ್ಲ ಆ ಪೆಟ್ಟಿಗೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಮೊದಲ ಅಧ್ಯಕ್ಷ ಎಡ್ವರ್ಡ್ ಮರಾಯಾ ವಿಂಗ್‌ಫೀಲ್ಡ್‌ನನ್ನು ಜೊತೆಯವರೇ ಕೆಲವು ತಿಂಗಳಲ್ಲಿ ಕೆಳಗಿಳಿಸಿದರು. 1609–10ರ ಚಳಿಗಾಲದ ಬರಗಾಲದಲ್ಲಿ ಜೇಮ್ಸ್‌ಟೌನಿನಲ್ಲಿ ಬದುಕಿ ಉಳಿದವರು ಸುಮಾರು 60 ಜನ. ಆಮೇಲೆ ಬಂದದ್ದು ಸೇನಾ ಶಿಸ್ತಿನ ಕಾನೂನು. ಉಗ್ರಾಣದಿಂದ ಕದ್ದರೂ ಮರಣದಂಡನೆ.

ಇಂಥ ಊರಿಗೆ ಜನ ಬರಬೇಕಾದರೆ ಏನಾದರೂ ಕೊಡಲೇಬೇಕು. 1618ರಲ್ಲಿ ಕಂಪನಿ ಎರಡು ಕೊಟ್ಟಿತು. ಹಡಗಿನ ಖರ್ಚು ಭರಿಸಿದವರಿಗೆ ತಲೆಗೆ 50 ಎಕರೆಯಂತೆ ಜಮೀನು. (ಆ ನೆಲ ಪೌಹಾಟನ್ ಕೂಟದ ಬುಡಕಟ್ಟುಗಳದ್ದು. ಹಂಚಿದವರು ಅವರನ್ನು ಕೇಳಲಿಲ್ಲ.) ಎರಡನೆಯದು, ಸೇನಾ ಕಾನೂನಿನ ಬದಲು ಇಂಗ್ಲೆಂಡಿನ ಸಾಮಾನ್ಯ ಕಾನೂನು ಮತ್ತು ವರ್ಷಕ್ಕೊಮ್ಮೆ ಸೇರುವ ಪ್ರತಿನಿಧಿ ಸಭೆ.

ಆ ಸಭೆ 1619ರ ಜುಲೈ 30ರಂದು ಜೇಮ್ಸ್‌ಟೌನಿನ ಚರ್ಚಿನಲ್ಲಿ ಸೇರಿತು. ಗವರ್ನರ್ ಜಾರ್ಜ್ ಯಾರ್ಡ್‌ಲಿ, ಅವನ ಮಂಡಳಿ, ಮತ್ತು 11 ನೆಲೆಗಳಿಂದ ಇಬ್ಬಿಬ್ಬರಂತೆ 22 ಪ್ರತಿನಿಧಿಗಳು. ಸ್ಪೀಕರ್ ಜಾನ್ ಪೋರಿ. ಶುರುವಿನಲ್ಲೇ ತಕರಾರು: ಕ್ಯಾಪ್ಟನ್ ಮಾರ್ಟಿನ್ ಎಂಬಾತನ ಹಕ್ಕುಪತ್ರ ಅವನನ್ನು ವಸಾಹತಿನ ಆಜ್ಞೆಗಳಿಂದ ಹೊರಗಿಟ್ಟಿತ್ತು. ಕಾನೂನಿಗೆ ಒಳಪಡದವನ ಕಡೆಯವರು ಕಾನೂನು ಮಾಡಲು ಕೂರುವುದೇ? ಅವನ ಇಬ್ಬರು ಪ್ರತಿನಿಧಿಗಳನ್ನು ಹೊರಗಿಟ್ಟರು. ಆರಂಭದ ದಿನವೇ ತನ್ನ ಸದಸ್ಯತ್ವವನ್ನು ತಾನೇ ತೀರ್ಮಾನಿಸಿದ ಸಭೆ ಅದು. ಆಮೇಲೆ ಉತ್ತಮ ಹೊಗೆಸೊಪ್ಪಿಗೆ ಪೌಂಡಿಗೆ 3 ಷಿಲಿಂಗ್, ಎರಡನೆಯ ದರ್ಜೆಗೆ 18 ಪೆನ್ಸ್ ಎಂದು ಬೆಲೆ ಕಟ್ಟಿದರು. ಜೂಜು, ಕುಡಿತ, ಸೋಮಾರಿತನಕ್ಕೆ ದಂಡ ವಿಧಿಸಿದರು. ಯಜಮಾನನ ಮೇಲೆ ದೂರು ಹೇಳಿದ ಆಳೊಬ್ಬನಿಗೆ ನಾಲ್ಕು ದಿನ ಕಿವಿಗೆ ಮೊಳೆ ಹೊಡೆದು ನಿಲ್ಲಿಸುವ ಶಿಕ್ಷೆ ಕೊಟ್ಟರು. ಶಾಸನಸಭೆಯೇ ನ್ಯಾಯಾಲಯವೂ ಆಗಿತ್ತು. 16 ವರ್ಷ ಮೀರಿದ ಪ್ರತಿಯೊಬ್ಬ ಗಂಡಸೂ ಒಂದು ಪೌಂಡ್ ಹೊಗೆಸೊಪ್ಪು ಕೊಡಬೇಕೆಂದರು. ಅದು ಹೋದದ್ದು ಸ್ಪೀಕರ್, ಗುಮಾಸ್ತ ಮೊದಲಾದ ಸಭೆಯ ಸಿಬ್ಬಂದಿಗೇ. ಬಿಸಿಲಿನ ಧಗೆ ತಾಳಲಾರದೆ ಆಗಸ್ಟ್ 4ಕ್ಕೆ ಸಭೆ ಮುಗಿಸಿದರು. ಅಷ್ಟರಲ್ಲಿ ಒಬ್ಬ ಪ್ರತಿನಿಧಿ ತೀರಿಯೇ ಹೋಗಿದ್ದ.

ಅದೇ ಆಗಸ್ಟ್ ತಿಂಗಳ ಕೊನೆಗೆ ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಬಂದ ಹಡಗೊಂದು ಸೆರೆಹಿಡಿದು ತಂದಿದ್ದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಆಹಾರಕ್ಕೆ ಬದಲಾಗಿ ಕೊಟ್ಟು ಹೋಯಿತು. ಕೈಗಳ ಅಭಾವಕ್ಕೆ ಸಿಕ್ಕ ಇನ್ನೊಂದು ಉತ್ತರ ಅದು. ಮತಕೊಟ್ಟು ಕರೆಯುವುದು, ಸರಪಳಿ ಹಾಕಿ ತರುವುದು ಎರಡೂ ಒಂದೇ ಬೇಸಿಗೆಯಲ್ಲಿ ಶುರುವಾದವು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಡುವ ಪಠ್ಯಗಳನ್ನು ನಾನು ನಂಬುವುದಿಲ್ಲ.

1624ರಲ್ಲಿ ಕಂಪನಿಯ ಸನ್ನದು ರದ್ದಾಗಿ ವರ್ಜೀನಿಯಾ ನೇರವಾಗಿ ದೊರೆಯ ಕೈಗೆ ಹೋಯಿತು. ಸಭೆ ನಡೆಸಲು ದೊರೆಯಿಂದ ಸ್ಪಷ್ಟ ಅಪ್ಪಣೆ ಇರಲಿಲ್ಲ. ಆದರೂ ಅವರು ಸೇರುತ್ತಲೇ ಇದ್ದರು. 1639ರಲ್ಲಿ ಚಾರ್ಲ್ಸ್ ದೊರೆ ಅದಕ್ಕೆ ಒಪ್ಪಿಗೆ ಕೊಟ್ಟಾಗ, ಒಪ್ಪದಿರುವುದಕ್ಕೆ ಕಾಲ ಮೀರಿತ್ತು.

ಪ್ರಶ್ನೆ: ಅಮೆರಿಕದ ಎರಡು ಸದನಗಳ ಪದ್ಧತಿ ಒಂದು ಹಂದಿಯಿಂದ ಬಂತು ಎಂದು ಯಾರೋ ಹೇಳಿದರು. ತಮಾಷೆಯೇ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಅರ್ಧ ನಿಜ. ದೇಶಕ್ಕೆಲ್ಲ ಅಲ್ಲ, ಮ್ಯಾಸಚೂಸೆಟ್ಸ್‌ಗೆ ಮಾತ್ರ. ಹಿನ್ನೆಲೆ ಸ್ವಲ್ಪ ಬೇಕು. 1629ರಲ್ಲಿ ಸಿಕ್ಕ ಮ್ಯಾಸಚೂಸೆಟ್ಸ್ ಬೇ ಕಂಪನಿಯ ಸನ್ನದಿನಲ್ಲಿ ಷೇರುದಾರರ ಸಭೆ ಎಲ್ಲಿ ನಡೆಯಬೇಕೆಂದು ಬರೆದಿರಲಿಲ್ಲ. ಕಂಪನಿಯ ಗವರ್ನರ್ ಜಾನ್ ವಿಂತ್ರಪ್ ಮತ್ತು ಜೊತೆಗಾರರು 1630ರಲ್ಲಿ ಸನ್ನದನ್ನೇ ಹಡಗಿಗೆ ಹಾಕಿಕೊಂಡು ಹೊರಟರು. ಅಲ್ಲಿಗೆ ಕಂಪನಿಯ ಷೇರುದಾರರ ಸಭೆಯೇ ವಸಾಹತಿನ ಸರ್ಕಾರವಾಯಿತು. ಮ್ಯಾಸಚೂಸೆಟ್ಸ್ ಶಾಸನಸಭೆಗೆ ಇಂದಿಗೂ ಕಂಪನಿಯ ಕಾಲದ ಹೆಸರೇ: ಜನರಲ್ ಕೋರ್ಟ್.

ವಿಂತ್ರಪ್ ಅಧಿಕಾರವನ್ನು ಕೆಲವೇ ದಂಡಾಧಿಕಾರಿಗಳ (ಮ್ಯಾಜಿಸ್ಟ್ರೇಟರ) ಕೈಯಲ್ಲಿಟ್ಟುಕೊಂಡಿದ್ದ. 1632ರಲ್ಲಿ ಕೋಟೆಬೇಲಿಗೆಂದು ತೆರಿಗೆ ಹಾಕಿದಾಗ ವಾಟರ್‌ಟೌನಿನವರು, ನಮ್ಮನ್ನು ಕೇಳದೆ ಹಣ ಎತ್ತುವುದು ನಮ್ಮನ್ನೂ ನಮ್ಮ ಮಕ್ಕಳನ್ನೂ ಗುಲಾಮಗಿರಿಗೆ ನೂಕಿದಂತೆ ಎಂದು ತಿರುಗಿಬಿದ್ದರು. ಅವರ ಬಾಯಲ್ಲೇ ತಪ್ಪಾಯಿತು ಎನ್ನಿಸಿದರು, ನಿಜ. ಆದರೆ ಎರಡು ವರ್ಷದಲ್ಲಿ ಊರುಗಳ ಪ್ರತಿನಿಧಿಗಳು ಬಂದು ಸನ್ನದನ್ನು ತೋರಿಸಿ ಎಂದರು. ಓದಿ ನೋಡಿದರೆ, ಕಾನೂನು ಮಾಡುವ ಅಧಿಕಾರ ಸದಸ್ಯರೆಲ್ಲರದ್ದು! ಅಂದಿನಿಂದ ಪ್ರತಿನಿಧಿಗಳೂ ಸಭೆಯಲ್ಲಿ ಕುಳಿತರು.

ಈಗ ಹಂದಿ. 1636ರಲ್ಲಿ ಬಾಸ್ಟನ್ನಿನಲ್ಲಿ ಒಂದು ಬೀಡಾಡಿ ಹಂದಿ ಶ್ರೀಮಂತ ವ್ಯಾಪಾರಿ ರಾಬರ್ಟ್ ಕೇನ್‌ನ ಬಳಿಗೆ ಬಂತು. ಅವನು ಊರಿಗೆಲ್ಲ ಸಾರಿಸಿದ; ಯಾರೂ ಬಂದು ನನ್ನದೆನ್ನಲಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಶ್ರೀಮತಿ ಶರ್ಮನ್ ಬಂದಳು. ಅಷ್ಟರಲ್ಲಿ ಅವನು ತನ್ನದೊಂದು ಹಂದಿಯನ್ನು ಕಡಿದಿದ್ದ. ಕಡಿದದ್ದು ನನ್ನದನ್ನೇ ಎಂದಳು. ಚರ್ಚು ಅವನ ಪರ ಹೇಳಿತು, ಕೆಳ ನ್ಯಾಯಾಲಯವೂ ಅವನ ಪರ ಹೇಳಿತು. ಅವನು ಸುಮ್ಮನಿರದೆ ಮಾನನಷ್ಟ ಮೊಕದ್ದಮೆ ಹಾಕಿ 20 ಪೌಂಡ್ ಗೆದ್ದ. ಹೆಚ್ಚು ಬೆಲೆ ಹೇಳಿದ್ದಕ್ಕೆ ಮೊದಲೇ ದಂಡ ತೆತ್ತಿದ್ದ ವ್ಯಾಪಾರಿ; ಊರಿನ ಕನಿಕರ ಯಾರ ಕಡೆ ಎಂದು ಹೇಳಬೇಕಿಲ್ಲ. 1642ರಲ್ಲಿ ವಿಷಯ ಜನರಲ್ ಕೋರ್ಟಿಗೆ ಬಂತು. ಶರ್ಮನ್ ಪರ ಇಬ್ಬರು ದಂಡಾಧಿಕಾರಿಗಳು, 15 ಪ್ರತಿನಿಧಿಗಳು. ಕೇನ್ ಪರ 7 ದಂಡಾಧಿಕಾರಿಗಳು, 8 ಪ್ರತಿನಿಧಿಗಳು. ಉಳಿದವರು ತಟಸ್ಥ. ಒಟ್ಟು ಎಣಿಸಿದರೆ ಅವಳು ಗೆದ್ದಳು. ಆದರೆ ನಮ್ಮಲ್ಲಿ ಹೆಚ್ಚಿನವರು ಒಪ್ಪದೆ ಏನೂ ಆಗಕೂಡದು ಎಂದು ದಂಡಾಧಿಕಾರಿಗಳು ಪಟ್ಟು ಹಿಡಿದರು. ಜಗಳ ಹಂದಿಯನ್ನು ದಾಟಿ ವೀಟೊಗೆ ಬಂತು. 1644ರಲ್ಲಿ ಇಬ್ಬರೂ ಬೇರೆ ಬೇರೆ ಕೂರುವುದು, ಇಬ್ಬರೂ ಒಪ್ಪಿದರೆ ಮಾತ್ರ ಕಾನೂನು ಎಂದು ತೀರ್ಮಾನವಾಯಿತು. ಹಂದಿ ನೆಪವಷ್ಟೇ. ಒಡಕು ವಾಟರ್‌ಟೌನಿನ ತೆರಿಗೆಯ ಕಾಲದಿಂದ ಇತ್ತು.

ಪ್ರಶ್ನೆ: ಮೇಫ್ಲವರ್ ಒಪ್ಪಂದವನ್ನು ಅಮೆರಿಕದ ಮೊದಲ ಸಂವಿಧಾನ ಎನ್ನಬಹುದೇ? (ಮೈಸೂರಿನ ಶಿಕ್ಷಕರು)

ಉತ್ತರ: ನಾನು ಎನ್ನುವುದಿಲ್ಲ. ಅದರಲ್ಲಿ ಹುದ್ದೆಗಳಿಲ್ಲ, ಚುನಾವಣೆಯ ನಿಯಮವಿಲ್ಲ. ವರ್ಜೀನಿಯಾದ ಪರವಾನಗಿ ಹಿಡಿದು ಹೊರಟ ಮೇಫ್ಲವರ್ ಹಡಗು 1620ರ ನವೆಂಬರಿನಲ್ಲಿ ಬಹಳ ಉತ್ತರಕ್ಕೆ, ಕೇಪ್ ಕಾಡ್‌ಗೆ ಬಂದು ನಿಂತಿತು. ಪರವಾನಗಿ ಇಲ್ಲಿ ನಡೆಯದು, ಇಳಿದ ಮೇಲೆ ನಮ್ಮನ್ನು ಆಳುವವರು ಯಾರು ಎಂದು ಕೆಲವರು ಗೊಣಗಿದರು. ಅದನ್ನು ತಡೆಯಲು 41 ಗಂಡಸರು ಹಡಗಿನಲ್ಲೇ ಸಹಿ ಹಾಕಿದ ಚಿಕ್ಕ ಕಾಗದ ಅದು. ದೊರೆ ಜೇಮ್ಸ್‌ನ ನಿಷ್ಠಾವಂತ ಪ್ರಜೆಗಳೆಂದು ಹೇಳಿಕೊಂಡೇ, ಒಟ್ಟಾಗಿ ಕಾನೂನು ಮಾಡಿಕೊಂಡು ಅದಕ್ಕೆ ಬದ್ಧರಾಗಿರುತ್ತೇವೆ ಎಂದರು. ಸರ್ಕಾರದ ರಚನೆಯನ್ನು ಬಿಡಿಸಿ ಬರೆದ ದಾಖಲೆ ಬೇಕಾದರೆ ಮಕ್ಕಳಿಗೆ 1639ರ ಕನೆಕ್ಟಿಕಟ್‌ನ ಮೂಲ ಆಜ್ಞೆಗಳನ್ನು ತೋರಿಸಿ. ಗವರ್ನರನನ್ನು ಆರಿಸುವ ಬಗೆ, ಸಭೆ ಕರೆಯುವ ಬಗೆ ಎಲ್ಲವೂ ಅದರಲ್ಲಿದೆ. ದೊರೆಯ ಹೆಸರು ಎಲ್ಲಿಯೂ ಇಲ್ಲ.