ಬೂದಿ ಬುಧವಾರಕ್ಕೆ ಶಾಲೆಯ ತಯಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಉತ್ತರ ಕನ್ನಡ ಜಿಲ್ಲೆಯ ಕಥೋಲಿಕ ಪ್ರಾಥಮಿಕ ಶಾಲೆಗಳ ಶಿಕ್ಷಕರು ಮತ್ತು ಪಾಲಕರು ತಪಸ್ಸುಕಾಲದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ತಪಸ್ಸುಕಾಲ ಎಂದರೆ ಯೇಸುವಿನ ಪುನರುತ್ಥಾನದ ಹಬ್ಬವಾದ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಪ್ರಾರ್ಥನೆ, ಉಪವಾಸದ ಅವಧಿ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರ ಅದರ ಮೊದಲ ದಿನ.

ಬೂದಿ ಬುಧವಾರ ಒಂದು ವರ್ಷ ಫೆಬ್ರುವರಿಯಲ್ಲಿ, ಇನ್ನೊಂದು ವರ್ಷ ಮಾರ್ಚಿನಲ್ಲಿ ಬರುತ್ತದೆ. ವರ್ಷದ ಯೋಜನೆಯನ್ನು ಜೂನ್‌ನಲ್ಲೇ ಬರೆಯಬೇಕು. ಲೆಕ್ಕ ಹೇಗೆ?
— ಮುಖ್ಯ ಶಿಕ್ಷಕಿ, ಕುಮಟಾ

ಈಸ್ಟರ್‌ನಿಂದ ಹಿಂದಕ್ಕೆ 46 ದಿನ ಎಣಿಸಿ. 2026ರಲ್ಲಿ ಈಸ್ಟರ್ ಏಪ್ರಿಲ್ 5, ಬೂದಿ ಬುಧವಾರ ಫೆಬ್ರುವರಿ 18. 2027ರಲ್ಲಿ ಈಸ್ಟರ್ ಮಾರ್ಚ್ 28, ಬೂದಿ ಬುಧವಾರ ಫೆಬ್ರುವರಿ 10. ಅದು ಎಂದೂ ಫೆಬ್ರುವರಿ 4ಕ್ಕಿಂತ ಮೊದಲು ಬರದು, ಮಾರ್ಚ್ 10 ದಾಟದು. ನಲವತ್ತು ದಿನ ಎಂದು ಹೇಳಿಕೊಟ್ಟು ಗೋಡೆಯ ಮೇಲೆ 46 ಮನೆ ಬರೆದರೆ ಮೂರನೇ ತರಗತಿಯ ಮಕ್ಕಳು ತಕ್ಷಣ ಹಿಡಿಯುತ್ತಾರೆ. ನಡುವಿನ ಆರು ಭಾನುವಾರ ಪುನರುತ್ಥಾನದ ದಿನಗಳು, ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಮೊದಲೇ ಹೇಳಿ, ಆ ಮನೆಗಳಿಗೆ ಬೇರೆ ಬಣ್ಣ ಹಾಕಿಸಿ.

ಬೂದಿಯನ್ನು ಶಾಲೆಯಲ್ಲೇ ತಯಾರಿಸಬೇಕೆಂದಿದ್ದೇವೆ. ಹಿಂದೊಮ್ಮೆ ಮಾಡಿದಾಗ ಬಿಳಿಚಿಕೊಂಡಿತು, ಹಣೆಗೆ ಅಂಟಲಿಲ್ಲ. ನೀರು ಬೆರೆಸಿ ಹಚ್ಚಿದಾಗ ಇಬ್ಬರು ಮಕ್ಕಳು ಉರಿ ಎಂದರು. ಎಲ್ಲಿ ತಪ್ಪಿತು?
— ಶಿಕ್ಷಕಿ, ಹೊನ್ನಾವರ

ಎರಡು ಕಡೆ ತಪ್ಪಿದೆ: ಸುಡುವಾಗ, ಕಲೆಸುವಾಗ.

ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ನ ಹಿಂದಿನ ಭಾನುವಾರ) ಆಶೀರ್ವದಿಸಿದ ಗರಿಯನ್ನೇ ಸುಡುವುದು ವಾಡಿಕೆ. ನಮ್ಮಲ್ಲಿ ಅದು ತೆಂಗಿನ ಎಳೆ ಗರಿ. ಮನೆಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ. ಒಂದು ವಾರ ಮೊದಲೇ ತರಿಸಿ ಎರಡು ದಿನ ಬಿಸಿಲಿಗೆ ಹಾಕಿ. ರಿಬ್ಬನ್, ಟೇಪು, ಗುಂಡುಸೂಜಿ ಒಂದೂ ಉಳಿಯಬಾರದು. ಪ್ಲಾಸ್ಟಿಕ್ ಒಂದು ಚೂರು ಸುಟ್ಟರೂ ಬೂದಿ ಅಂಟಂಟಾಗಿ ನಾರುತ್ತದೆ. ನಡುವಿನ ಕಡ್ಡಿ ಸೀಳಿ ತೆಗೆಯಿರಿ, ಅದು ಅರೆಬೆಂದು ಹರಳಿನಂತೆ ಉಳಿದು ಹಣೆಯನ್ನು ಗೀರುತ್ತದೆ.

ಗರಿಯನ್ನು ಎರಡು ಅಂಗುಲದ ತುಂಡು ಮಾಡಿ, ಹಳೆಯ ಕಬ್ಬಿಣದ ಬಾಣಲೆಗೆ ಹಾಕಿ, ಮುಚ್ಚಳ ಮುಚ್ಚಿ ಅಂಗಳದ ಒಲೆಯ ಮೇಲಿಡಿ. ಹೊಗೆ ನಿಲ್ಲುವವರೆಗೆ ಕಾಯಿಸಿ ಇಳಿಸಿ, ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ. ಬಿಸಿಯಿರುವಾಗ ತೆಗೆದರೆ ಗಾಳಿ ತಾಗಿ ಮತ್ತೆ ಹೊತ್ತಿಕೊಂಡು ಬೆಳ್ಳಗಾಗುತ್ತದೆ. ನಿಮ್ಮಲ್ಲಿ ಆದದ್ದು ಬಹುಶಃ ಇದೇ. ಗಾಳಿಯಿಲ್ಲದೆ ಬೆಂದ ಗರಿ ಕಪ್ಪು ಇದ್ದಿಲಾಗುತ್ತದೆ. ಅದನ್ನು ಕುಟ್ಟಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನೂರು ಮಕ್ಕಳಿಗೆ ಎರಡು ದೊಡ್ಡ ಚಮಚ ಧಾರಾಳ.

ಇನ್ನು ಉರಿ. ಬೂದಿನೀರಲ್ಲಿ ಬಟ್ಟೆ ನೆನೆಸಿ ಕೊಳೆ ತೆಗೆಯುತ್ತಿದ್ದ ಅಜ್ಜಿಯರಿಗೆ ಇದು ಗೊತ್ತಿತ್ತು. ಗಿಡದ ಬೂದಿಯಲ್ಲಿ ಕ್ಷಾರವಿದೆ, ನೀರು ಸೇರಿದರೆ ಅದು ಬಿಡುತ್ತದೆ. ಬಿಳಿ ಬೂದಿಯಲ್ಲಿ ಹೆಚ್ಚು, ಕಪ್ಪು ಇದ್ದಿಲಲ್ಲಿ ಕಡಿಮೆ. ಹಾಗಾಗಿ ನೀರು ಬೇಡ. ಒಂದು ಚಮಚ ಬೂದಿಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಸಾಕು, ಬೆರಳಿಗೆ ಹತ್ತುವಷ್ಟು. ಎಣ್ಣೆ ಹೆಚ್ಚಾದರೆ ಬೆವರಿನೊಂದಿಗೆ ಕಣ್ಣಿಗಿಳಿಯುತ್ತದೆ. ಫಾದರ್ ಆಶೀರ್ವದಿಸುವಾಗ ಚಿಮುಕಿಸುವ ಪವಿತ್ರ ಜಲದ ಹನಿಗಳಿಂದ ತೊಂದರೆಯಿಲ್ಲ, ಆದರೆ ಹಿಂದಿನ ರಾತ್ರಿಯೇ ಒದ್ದೆ ಮಾಡಿಡಬೇಡಿ. ಯಾವ ಮಗುವಾದರೂ ಉರಿ ಎಂದರೆ ಕೂಡಲೇ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಲಿಂಬೆರಸ ಹಚ್ಚಬೇಡಿ.

ಚರ್ಮ ಸೂಕ್ಷ್ಮವಿರುವ ಮಕ್ಕಳಿಗೆ ಒಣ ಬೂದಿಯನ್ನು ನೆತ್ತಿಯ ಮೇಲೆ ಉದುರಿಸಬಹುದು. ಇದು ಹಳೆಯ ಕ್ರಮವೇ. 2021ರಲ್ಲಿ ಕೋವಿಡ್ ಕಾರಣಕ್ಕೆ ವ್ಯಾಟಿಕನ್ ಎಲ್ಲೆಡೆ ಹೀಗೆ ಮಾಡಲು ಸೂಚಿಸಿತ್ತು. ಉಳಿದ ಬೂದಿಯನ್ನು ಚರಂಡಿಗೆ ಚೆಲ್ಲದೆ ಗಿಡದ ಬುಡದ ಮಣ್ಣಿಗೆ ಸೇರಿಸಿ.

ಮೂರನೇ ತರಗತಿಯ ಮಗಳು ಬೂದಿ ಬುಧವಾರ ತಿಂಡಿ ಬೇಡ ಎನ್ನುತ್ತಾಳೆ, ಕ್ಲಾಸಿನಲ್ಲಿ ಎಲ್ಲರೂ ಉಪವಾಸವಂತೆ. ಮೀನೂ ಬಿಡಬೇಕೇ? ಶಾಲೆಯ ಮೊಟ್ಟೆ?
— ತಾಯಿ, ಅಂಕೋಲಾ

ತಿಂಡಿ ಕೊಟ್ಟೇ ಕಳಿಸಿ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನಲ್ಲಿ ಮಾಂಸ ತ್ಯಜಿಸುವ ನಿಯಮ 14 ವರ್ಷ ತುಂಬಿದವರಿಗೆ. ಉಪವಾಸ, ಅಂದರೆ ದಿನಕ್ಕೆ ಒಂದೇ ಪೂರ್ಣ ಊಟ, 18 ತುಂಬಿದವರಿಂದ ಹಿಡಿದು 59 ತುಂಬುವವರೆಗೆ. ಎಂಟು ವರ್ಷದ ಮಗುವಿಗೆ ಎರಡೂ ಅನ್ವಯಿಸುವುದಿಲ್ಲ. ಅದೇ ಕಾನೂನು ಚಿಕ್ಕವರಿಗೆ ತಪಸ್ಸಿನ ಅರ್ಥ ತಿಳಿಸುವ ಹೊಣೆಯನ್ನು ಗುರುಗಳ ಮತ್ತು ತಂದೆತಾಯಿಯ ಮೇಲೆ ಹಾಕಿದೆ. ಅರ್ಥ ಕಲಿಸಬೇಕು, ಹೊಟ್ಟೆ ಕಟ್ಟಿಸಬಾರದು. ಖಾಲಿ ಹೊಟ್ಟೆಯಲ್ಲಿ ಬಲಿಪೂಜೆಗೆ (ಚರ್ಚಿನ ಆರಾಧನೆಗೆ) ಬಂದ ಮಗು ಫೆಬ್ರುವರಿಯ ಸೆಖೆಯಲ್ಲಿ ಸಾಲಿನಲ್ಲೇ ಕುಸಿಯುತ್ತದೆ.

ಮೀನಿಗೆ ನಿಷೇಧವಿಲ್ಲ. ಮೊಟ್ಟೆ, ಹಾಲಿಗೂ ಇಲ್ಲ. ಬಂಗಡೆ ಸಾರು ದಿನದ ಊಟವಾಗಿರುವ ಕರಾವಳಿಯಲ್ಲಿ ದೊಡ್ಡವರು ಅದನ್ನೂ ಸ್ವಂತ ಇಚ್ಛೆಯಿಂದ ಬಿಡುವುದುಂಟು, ಒಳ್ಳೆಯದೇ. ಆದರೆ ಮಗುವಿನ ಬಿಸಿಯೂಟಕ್ಕೆ ಕತ್ತರಿ ಹಾಕಬೇಡಿ. ಒಂದರಿಂದ ಐದನೇ ತರಗತಿಯ ಮಗುವಿಗೆ ಅದರಲ್ಲಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕವಿಟ್ಟಿರುವುದು ಆ ವಯಸ್ಸಿಗೆ ಅಷ್ಟು ಬೇಕೆಂದೇ.

ಮಗಳಿಗೆ ಏನಾದರೂ ಬಿಡುವ ಆಸೆಯಿದ್ದರೆ ಅವಳ ಕೈಯಲ್ಲೇ ಇರುವ ಸಣ್ಣದೊಂದನ್ನು ಆರಿಸಲಿ: ಸಂಜೆಯ ಚಾಕಲೇಟು, ಒಂದು ಕಾರ್ಟೂನು, ತಮ್ಮನ ಜೊತೆಗಿನ ಜಗಳ. ನಲವತ್ತು ದಿನಕ್ಕೆ ಒಮ್ಮೆಲೇ ಮಾತು ಕೊಡಿಸಬೇಡಿ. ಮೂರನೇ ದಿನ ತಪ್ಪಿದರೆ ಎಲ್ಲ ಮುಗಿಯಿತೆಂದು ಕೈಬಿಡುತ್ತಾರೆ. ಒಂದೊಂದು ವಾರಕ್ಕೆ ಒಂದೊಂದು ಸಾಕು.

ಶಿಕ್ಷಕರಿಗೂ ಒಂದು ಮಾತು. ಯಾರು ಏನು ಬಿಟ್ಟರೆಂದು ಹೆಸರು ಬರೆದು ನಕ್ಷತ್ರ ಅಂಟಿಸುವ ಪಟ್ಟಿಯನ್ನು ದಯವಿಟ್ಟು ಗೋಡೆಯಿಂದ ತೆಗೆಯಿರಿ. ಬೂದಿ ಬುಧವಾರ ಓದುವ ಶುಭಸಂದೇಶ ಮತ್ತಾಯ 6ನೇ ಅಧ್ಯಾಯದ್ದು: ದಾನ, ಪ್ರಾರ್ಥನೆ, ಉಪವಾಸ ಮೂರೂ ಗುಟ್ಟಾಗಿರಲಿ ಎನ್ನುತ್ತದೆ. ಬೆಳಿಗ್ಗೆ ಅದನ್ನು ಕೇಳಿ ಬಂದ ಮಗುವಿಗೆ ಮಧ್ಯಾಹ್ನ ನಕ್ಷತ್ರ ಕೊಟ್ಟರೆ ಅದು ನಂಬುವುದು ನಕ್ಷತ್ರವನ್ನು. ಚೀಟಿಯಲ್ಲಿ ಬರೆದು, ಮಡಚಿ, ತನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿ. ನೀವೂ ಓದಬೇಡಿ. ಅವಳ ಕ್ಲಾಸಿನಲ್ಲಿ "ಎಲ್ಲರೂ ಉಪವಾಸ" ಎಂಬ ಮಾತು ಹುಟ್ಟಿದ್ದೇ ಇಂಥ ಪೈಪೋಟಿಯಿಂದ ಇದ್ದೀತು.

ನಮ್ಮಲ್ಲಿ ಹೆಚ್ಚಿನ ಮಕ್ಕಳು ಹಿಂದೂಗಳು, ಕೆಲವರು ಮುಸ್ಲಿಮರು. ಬೂದಿಯ ಸಾಲಿನಲ್ಲಿ ಅವರನ್ನೂ ನಿಲ್ಲಿಸಬಹುದೇ?
— ಶಿಕ್ಷಕ, ಕಾರವಾರ

ಬೂದಿ ಸಂಸ್ಕಾರವಲ್ಲ, ಹಾಗಾಗಿ ಇಷ್ಟಪಟ್ಟವರು ಯಾರೂ ಪಡೆಯಬಹುದು. ಆದರೆ ಪಡೆಯಬಹುದು ಎನ್ನುವುದು ಪಡೆಯಲೇಬೇಕು ಎಂದಾಗಬಾರದು. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆ, ಪ್ರಾರ್ಥನೆಗೆ ಕಡ್ಡಾಯವಾಗಿ ಕೂರಿಸುವಂತಿಲ್ಲ. ಒಂದು ವಾರ ಮೊದಲು ಕನ್ನಡದಲ್ಲಿ ಮೂರು ಸಾಲಿನ ಚೀಟಿ ಮನೆಗೆ ಕಳಿಸಿ: ಯಾವ ದಿನ, ಏನು ನಡೆಯುತ್ತದೆ, ಬೇಡವಾದರೆ ಮಗು ಎಲ್ಲಿರುತ್ತದೆ. ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ.

ಸಾಲಿಗೆ ಬಾರದವರನ್ನು ಸುಮ್ಮನೆ ವರಾಂಡದಲ್ಲಿ ಕೂರಿಸಿದರೆ ಶಿಕ್ಷೆಯಂತೆ ಕಾಣುತ್ತದೆ. ಅದೇ ಹೊತ್ತಿಗೆ ಒಬ್ಬ ಶಿಕ್ಷಕರು ಅವರಿಗೆ ಚಿತ್ರಕಲೆಯನ್ನೋ ಕಥೆಯನ್ನೋ ತೆಗೆದುಕೊಳ್ಳಲಿ. ಉಪವಾಸ ಎಂದರೇನೆಂದು ಈ ಮಕ್ಕಳಿಗೆ ನೀವು ಹೇಳಿಕೊಡಬೇಕಿಲ್ಲ: 2026ರಲ್ಲಿ ಬೂದಿ ಬುಧವಾರಕ್ಕೆ ಮೂರು ದಿನ ಮೊದಲು ಶಿವರಾತ್ರಿ, ಅದೇ ವಾರ ರಂಜಾನ್ ಆರಂಭ. ತರಗತಿಯಲ್ಲಿ ಅವರವರ ಮನೆಯ ಕ್ರಮವನ್ನು ಅವರ ಬಾಯಿಂದಲೇ ಕೇಳಿ.

ತಪಸ್ಸುಕಾಲದಲ್ಲಿ ಬಡವರಿಗಾಗಿ ಮಕ್ಕಳಿಂದ ಹಿಡಿ ಅಕ್ಕಿ ಸಂಗ್ರಹಿಸುತ್ತೇವೆ. ಕೊನೆಗೆ ಅರ್ಧ ಅಕ್ಕಿಗೆ ಹುಳ ಬಿದ್ದಿರುತ್ತದೆ.
— ಸಿಸ್ಟರ್, ಶಿರಸಿ

ದಿನವೂ ತರಿಸುತ್ತಿದ್ದರೆ ಅದನ್ನು ನಿಲ್ಲಿಸಿ. ಚೀಲದಲ್ಲಿ ಚೆಲ್ಲುತ್ತದೆ, ಇರುವೆ ಇಲಿ ಬರುತ್ತವೆ. ಮಗು ಅಡುಗೆಗೆ ಮೊದಲು ತನ್ನ ಕೈಯಲ್ಲಿ ಒಂದು ಹಿಡಿ ತೆಗೆದು ಮನೆಯ ಡಬ್ಬಿಗೆ ಹಾಕಲಿ, ಶುಕ್ರವಾರ ಮಾತ್ರ ಶಾಲೆಗೆ ತರಲಿ. ಚಿಕ್ಕ ಹಿಡಿ ಸುಮಾರು 30 ಗ್ರಾಂ ಎಂದಿಟ್ಟುಕೊಂಡರೆ 40 ದಿನಕ್ಕೆ 1.2 ಕಿಲೋ, ಮೂವತ್ತು ಮಕ್ಕಳ ತರಗತಿಗೆ 36 ಕಿಲೋ. ಅದಕ್ಕೆ ತಕ್ಕ ಬಿಗಿ ಮುಚ್ಚಳದ ಡ್ರಮ್ಮು ಮೊದಲೇ ಇರಲಿ. ಸುರಿಯುವ ಮೊದಲು ನೆರಳಿನಲ್ಲಿ ಹರವಿ ಆರಿಸಿ. ಬಿಸಿಲಿಗೆ ಹಾಕಿದರೆ ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ) ಸೀಳಿ ನುಚ್ಚಾಗುತ್ತದೆ. ಹಳೆಯ ಅಕ್ಕಿಯಿಂದ ಹುಳ ಹೊಸದಕ್ಕೆ ದಾಟುತ್ತದೆ, ಆದ್ದರಿಂದ ಈಸ್ಟರ್‌ವರೆಗೆ ಕೂಡಿಡದೆ ಎರಡು ವಾರಕ್ಕೊಮ್ಮೆ ಹಂಚಿಬಿಡಿ. ಹಸಿವು ಹಬ್ಬದವರೆಗೆ ಕಾಯುವುದಿಲ್ಲ.

ಘಟ್ಟದ ಮೇಲೆ ಬೆಳ್ತಿಗೆ, ಕೆಳಗೆ ಕುಚ್ಚಲಕ್ಕಿ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಬೇಡಿ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬೆಳ್ತಿಗೆ ಗಂಜಿಯಾಗಿರುತ್ತದೆ, ಪಡೆದವರಿಗೆ ಅಡುಗೆಯೇ ಕಷ್ಟ. ಎರಡು ಡ್ರಮ್ಮು, ಎರಡು ಚೀಟಿ. ಹಂಚುವುದನ್ನು ಧರ್ಮಕೇಂದ್ರದ (ಊರಿನ ಚರ್ಚಿನ) ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯಂಥ, ಬಡವರಿಗೆ ನೆರವಾಗುವ ಸಂಘದವರಿಗೆ ಬಿಡಿ. ಸಮವಸ್ತ್ರದ ಮಕ್ಕಳನ್ನು ಚೀಲ ಹೊರಿಸಿ ಬಡವರ ಬಾಗಿಲಿಗೆ ಕರೆದೊಯ್ದು ಫೋಟೋ ತೆಗೆಸುವುದು ಬೇಡವೇ ಬೇಡ. ಆ ಬಾಗಿಲು ಅದೇ ತರಗತಿಯ ಮಗುವಿನ ಮನೆಯದ್ದಾಗಿರಬಹುದು.

ಶಿಲುಬೆ ಹಾದಿಗೆ ಪುಟ್ಟ ಮಕ್ಕಳು ಅರ್ಧಕ್ಕೇ ಸುಸ್ತಾಗುತ್ತಾರೆ.
— ಶಿಕ್ಷಕಿ, ಮುರ್ಡೇಶ್ವರ

ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಹದಿನಾಲ್ಕು ಸ್ಥಳಗಳನ್ನು ತಲಾ ಐದು ನಿಮಿಷ ಮಾಡಿದರೆ ಎಪ್ಪತ್ತು ನಿಮಿಷ. ಒಂದರಿಂದ ಮೂರನೇ ತರಗತಿಗೆ ಆರು ಸ್ಥಳ ಸಾಕು: 2, 4, 5, 6, 12, 14. ಐದನೆಯದರಲ್ಲಿ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ, ಆರನೆಯದರಲ್ಲಿ ವೆರೋನಿಕಾ ಯೇಸುವಿನ ಮುಖ ಒರೆಸುತ್ತಾಳೆ. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಇವೆರಡು, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಆಮೇಲೆ ಚಿರೆಕಲ್ಲಿನ ಅಂಗಳ ಬರಿಗಾಲನ್ನು ಸುಡುತ್ತದೆ. ಶಿಲುಬೆಗೆ ಅಡಿಕೆ ದಬ್ಬೆ ಹಗುರ, ನಾಲ್ಕು ಅಡಿ ಉದ್ದ, ಎರಡು ಅಡಿ ಅಡ್ಡ. ಮೊಳೆ ಹೊಡೆದರೆ ದಬ್ಬೆ ಸೀಳುತ್ತದೆ, ಕತ್ತದ ಹಗ್ಗದಿಂದ ಬಿಗಿಯಿರಿ, ಸಿಬಿರು ಏಳದಂತೆ ಮರಳುಕಾಗದದಿಂದ ಉಜ್ಜಿ.

ಬೆಳಗಿನ ಪ್ರಾರ್ಥನೆಯ ಹಾಡಿನಲ್ಲಿ "ಅಲ್ಲೆಲೂಯ" ಇದೆ. ಬದಲಿಸಬೇಕೇ?
— ಸಂಗೀತ ಶಿಕ್ಷಕಿ, ಹಳಿಯಾಳ

ಹೌದು, ದೇವರನ್ನು ಸ್ತುತಿಸುವ ಆ ಹರ್ಷದ ಪದ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯವರೆಗೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆಯವರೆಗೆ) ಪೂಜಾವಿಧಿಯಲ್ಲಿ ಇಲ್ಲ, ಶಾಲೆಯೂ ಅದನ್ನೇ ಪಾಲಿಸಲಿ. ಬೂದಿ ಬುಧವಾರದ ಹಿಂದಿನ ದಿನ, ಮಂಗಳವಾರ ಸಂಜೆ ಮಕ್ಕಳಿಂದಲೇ ಅದನ್ನು ಕಾಗದದಲ್ಲಿ ಬರೆಯಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಈಸ್ಟರ್ ರಜೆ ಮುಗಿದು ಬಂದ ದಿನ ಅವರೇ ತೆಗೆಯಲಿ. ಮಾರ್ಚ್ 19ರ ಸಂತ ಜೋಸೆಫರ ಹಬ್ಬಕ್ಕೆ ಪೀಠದ ಮೇಲೆ ಹೂ ಇಡಬಹುದು, ಮಹಿಮಾ ಗೀತೆ ಹಾಡಬಹುದು. ಆ ದಿನವೂ ಅಲ್ಲೆಲೂಯ ಮಾತ್ರ ಪೆಟ್ಟಿಗೆಯಲ್ಲೇ ಇರುತ್ತದೆ.